ಅಡಿಗೆಯ ಮನೆಯೂ ಇರುವೆಯ ದಾರಿಯೂ

ರಾಜರ ಕಾಳಗಗಳ ಇತಿಹಾಸವನ್ನು ನಾವು ಶಾಲೆಯಲ್ಲಿ ಓದುತ್ತೇವೆ. ಕೋಟೆಯನ್ನು ಕಟ್ಟಿಸಿದವರು ಯಾರು, ಕಂದಕವನ್ನು ತೋಡಿಸಿದವರು ಯಾರು, ಯಾವ ವರ್ಷದಲ್ಲಿ ಯಾವ ಬಾಗಿಲು ಮುರಿದುಬಿತ್ತು ಎಂಬುದನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತೇವೆ. ಆದರೆ ನಮ್ಮ ಮನೆಮನೆಯ ಅಡಿಗೆಯ ಕೋಣೆಯಲ್ಲಿ ದಿನದಿನವೂ ನಡೆದುಬಂದಿರುವ ಒಂದು ಮುತ್ತಿಗೆಯ ವೃತ್ತಾಂತವನ್ನು ಬರೆದಿಟ್ಟವರು ವಿರಳ. ಅಲ್ಲಿ ಬೆಲ್ಲದ ಭರಣಿಯೇ ಕೋಟೆ, ಅದರ ಸುತ್ತಲಿನ ನೀರ ತಟ್ಟೆಯೇ ಕಂದಕ, ಮುತ್ತುವವು ಇರುವೆಗಳು, ಕಾಯುವವಳು ಮನೆಯೊಡತಿ. ಈ ಮುತ್ತಿಗೆಯಲ್ಲಿ ಮನುಷ್ಯನು ಪ್ರಯೋಗಿಸಿದ ಉಪಾಯಗಳಿಗೂ ಒಂದು ಚರಿತ್ರೆಯುಂಟು. ಅದು ನಗೆಯ ವಿಷಯವೆಂದು ತೋರಿದರೂ ಅದರ ನಡುವೆ ನೂರಕ್ಕೂ ಹೆಚ್ಚು ಜನರ ಸಾವಿನ ಒಂದು ಪುಟವಿರುವುದರಿಂದ, ಉಪಾಧ್ಯಾಯರೂ ವಿದ್ಯಾರ್ಥಿಗಳೂ ಅದನ್ನು ತಿಳಿದಿರುವುದು ಒಳ್ಳೆಯದು.

ಇರುವೆಗೆ ಗಡಿಯೆಂಬುದಿಲ್ಲ. ನಮ್ಮ ಕಾಸರಗೋಡಿನ ಸೀಮೆಯಲ್ಲಿ ಕನ್ನಡದ ಬಾಯಲ್ಲಿ 'ಇರುವೆ'ಯೆಂದೂ ತುಳುವಿನ ಬಾಯಲ್ಲಿ 'ಪಿಜಿನ್' ಎಂದೂ ಮಲೆಯಾಳದ ಬಾಯಲ್ಲಿ 'ಉರುಂಬು' ಎಂದೂ ಕರೆಯಿಸಿಕೊಳ್ಳುವ ಈ ಜೀವಿಯು, ೧೯೫೬ನೆಯ ಇಸವಿಯ ನವೆಂಬರ್ ೧ರಂದು ಈ ಸೀಮೆ ಕೇರಳಕ್ಕೆ ಸೇರಿದ ಮರುದಿನವೂ ಹಿಂದಿನ ದಿನದಂತೆಯೇ ಬೆಲ್ಲವನ್ನು ಹುಡುಕಿಕೊಂಡು ಬಂದಿರಬೇಕು. ಭಾಷೆ ಬೇರೆಯಾದರೂ ಅದನ್ನು ತಡೆಯುವ ಉಪಾಯಗಳು ಎಲ್ಲ ಮನೆಗಳಲ್ಲಿಯೂ ಬಹುಮಟ್ಟಿಗೆ ಒಂದೇ ಆಗಿದ್ದುವು.

೧

ಆ ಹಳೆಯ ಉಪಾಯಗಳನ್ನು ಮೊದಲು ನೆನೆಯೋಣ. ಹಾಲು, ಮೊಸರು, ಬೆಣ್ಣೆಗಳ ಪಾತ್ರೆಯನ್ನು ಮಾಡಿನ ತೊಲೆಯಿಂದ ಇಳಿಬಿಟ್ಟ ನೆಲುವಿನಲ್ಲಿ ಇರಿಸುತ್ತಿದ್ದರು. ಬೆಕ್ಕಿಗೆ ನಿಲುಕದಂತೆ ಮಾಡಿದ ಏರ್ಪಾಡು ಅದು; ಆದರೆ ಹಗ್ಗವನ್ನು ಹಿಡಿದು ಇಳಿಯಬಲ್ಲ ಇರುವೆಗೆ ಅಷ್ಟು ಸಾಲದು. ಆದುದರಿಂದ ಹಗ್ಗಕ್ಕೆ ಹರಳೆಣ್ಣೆಯನ್ನು ಸವರುತ್ತಿದ್ದರು. ಬೆಲ್ಲದ ಭರಣಿಯನ್ನು ಅಗಲವಾದ ತಟ್ಟೆಯಲ್ಲಿ ಇರಿಸಿ, ತಟ್ಟೆಗೆ ನೀರು ಹೊಯ್ಯುತ್ತಿದ್ದರು. ಜಾಲರಿಯ ಕಪಾಟು ಬಂದ ಮೇಲೆ ಅದರ ನಾಲ್ಕು ಕಾಲುಗಳನ್ನೂ ನೀರು ತುಂಬಿದ ನಾಲ್ಕು ಬಟ್ಟಲುಗಳಲ್ಲಿ ನಿಲ್ಲಿಸಿದರು. ಗೋಡೆಯ ಬಿರುಕಿನ ಬಾಯಿಗೆ ಅರಿಶಿನದ ಪುಡಿ, ಒಲೆಯ ಬೂದಿ. ಸಕ್ಕರೆಯ ಡಬ್ಬದೊಳಗೆ ನಾಲ್ಕು ಲವಂಗ. ಇಷ್ಟಾಗಿಯೂ ಇರುವೆ ಹೊಕ್ಕಿತೆಂದರೆ ಸಕ್ಕರೆಯನ್ನು ಗೆರಸೆಯಲ್ಲಿ ಹರಡಿ ಅಂಗಳದ ಬಿಸಿಲಿಗೆ ಇಡುವುದು. ಬಿಸಿಲಿನ ಕಾವನ್ನು ತಾಳಲಾರದೆ ಇರುವೆಗಳು ತಾವಾಗಿ ಹೊರಟುಹೋಗುವುವು. ಸಕ್ಕರೆ ಮನೆಗೆ ಹಿಂದಿರುಗುವುದು.

ಇದರೊಡನೆ ಇನ್ನೊಂದು ನಡವಳಿಕೆಯೂ ಇದ್ದಿತು. ಹೊಸ್ತಿಲ ಮುಂದೆ ಅಕ್ಕಿಹಿಟ್ಟಿನಿಂದ ರಂಗವಲ್ಲಿಯನ್ನಿಕ್ಕಿ, ಅದು ಇರುವೆಯ ಪಾಲೆಂದು ಹಿರಿಯರು ಹೇಳುತ್ತಿದ್ದರು. ಗೃಹಸ್ಥನ ನಿತ್ಯಕರ್ಮಗಳಲ್ಲಿ ಒಂದೆನಿಸಿದ ಭೂತಯಜ್ಞದಲ್ಲಿಯೂ ನಾಯಿ, ಕಾಗೆಗಳೊಡನೆ ಕ್ರಿಮಿಗಳಿಗೂ ಅನ್ನದ ಪಾಲನ್ನು ನೆಲದ ಮೇಲೆ ಇಡಬೇಕೆಂದು ಧರ್ಮಶಾಸ್ತ್ರವು ವಿಧಿಸಿದ್ದಿತು. ಹೊರಗೆ ಪಾಲು ಕೊಟ್ಟವರು ಒಳಗೆ ತಡೆಯೊಡ್ಡಿದರು.

ಈ ಉಪಾಯಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಒಂದು ಅಂಶ ಎದ್ದು ಕಾಣುತ್ತದೆ. ಇವು ಬಹುಮಟ್ಟಿಗೆ ಇರುವೆಯನ್ನು ಕೊಲ್ಲುವುದಕ್ಕಾಗಿ ಹೂಡಿದ ಉಪಾಯಗಳಲ್ಲ; ತಡೆಯುವುದಕ್ಕಾಗಿ, ಇಲ್ಲವೆ ತಿರುಗಿಸಿ ಕಳುಹಿಸುವುದಕ್ಕಾಗಿ ಹೂಡಿದವು. ಅದಕ್ಕಿಂತ ಮುಖ್ಯವಾದುದೆಂದರೆ, ಇವುಗಳಲ್ಲಿ ಬಳಸಿದ ಯಾವ ವಸ್ತುವೂ ಅಡಿಗೆಯ ಮನೆಗೆ ಹೊರಗಿನದಲ್ಲ. ನೀರು, ಬೂದಿ, ಅರಿಶಿನ, ಲವಂಗ, ಬಿಸಿಲು: ಇವುಗಳಲ್ಲಿ ಯಾವುದು ಕೈತಪ್ಪಿ ಅನ್ನದಲ್ಲಿ ಬಿದ್ದರೂ ಉಂಡವನ ಪ್ರಾಣಕ್ಕೆ ಅಪಾಯವಿರಲಿಲ್ಲ.

೨

ನೀರಿನ ಕಂದಕದ ಉಪಾಯವು ಎಷ್ಟು ದೂರ ನಡೆಯುತ್ತದೆ, ಎಲ್ಲಿ ಸೋಲುತ್ತದೆ ಎಂಬುದಕ್ಕೆ ಸುಮಾರು ೨೦೦ ವರ್ಷಗಳ ಹಿಂದಿನ ಒಂದು ಲಿಖಿತ ಸಾಕ್ಷ್ಯವಿದೆ. ವಿಲಿಯಂ ಹೆನ್ರಿ ಸೈಕ್ಸ್ ಎಂಬವನು ಈಸ್ಟ್ ಇಂಡಿಯಾ ಕಂಪೆನಿಯ ಸೈನ್ಯಾಧಿಕಾರಿ. ಮುಂಬಯಿ ಸರಕಾರದ ಅಪ್ಪಣೆಯ ಮೇರೆಗೆ ದಖ್ಖನಿನ ಜನ, ಬೆಳೆ, ಕಂದಾಯಗಳ ಅಂಕಿ ಅಂಶಗಳನ್ನು ಕೂಡಿಹಾಕಿದವನು. ಅವನ ವರದಿಯ ವ್ಯಾಪ್ತಿಗೆ ಸೇರಿದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಧಾರವಾಡವೂ ಒಂದು. ಇವನು ಹಕ್ಕಿಗಳನ್ನೂ ಕೀಟಗಳನ್ನೂ ಅಷ್ಟೇ ಶ್ರದ್ಧೆಯಿಂದ ನೋಡಿ ಬರೆದಿಟ್ಟನು. ೧೮೩೫ರಲ್ಲಿ ಲಂಡನ್ನಿನ ಕೀಟಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಭಾರತದ ಇರುವೆಗಳನ್ನು ಕುರಿತು ಪ್ರಕಟಿಸಿದ ಲೇಖನದಲ್ಲಿ ಪುಣೆಯ ತನ್ನ ಮನೆಯಲ್ಲಿ ನಡೆದ ಪ್ರಸಂಗವೊಂದನ್ನು ವಿವರಿಸಿದ್ದಾನೆ.

ಊಟದ ಕೋಣೆಯ ಪಡಸಾಲೆಯಲ್ಲಿ ಒಂದು ಸಣ್ಣ ಮೇಜು. ಅದರ ಮೇಲೆ ಹಣ್ಣು, ಸಿಹಿತಿಂಡಿ, ಮುರಬ್ಬಗಳು. ಇರುವೆಗಳ ಕಾಟ ತಪ್ಪಿಸಲೆಂದು ಮೇಜಿನ ನಾಲ್ಕು ಕಾಲುಗಳನ್ನೂ ನೀರಿನ ಬೋಗುಣಿಗಳಲ್ಲಿ ನಿಲ್ಲಿಸಿದ್ದರು. ಮೇಜನ್ನು ಗೋಡೆಯಿಂದ ಒಂದು ಅಂಗುಲದಷ್ಟು ದೂರಕ್ಕೆ ಸರಿಸಿದ್ದರು. ಧೂಳು ಬೀಳದಂತೆ ಮೇಲೊಂದು ಬಟ್ಟೆಯನ್ನು ಹೊದಿಸಿದ್ದರು. ಕೆಲವು ಕಾಲ ಇರುವೆಗಳು ನೀರಿಗೆ ಹೆದರಿ ನಿಂತುವು. ಆದರೆ ಆ ಜಲಸಂಧಿಯ ಅಗಲ ಒಂದು ಒಂದೂವರೆ ಅಂಗುಲ ಮಾತ್ರ. ಕಡೆಗೆ ಅವು ಧೈರ್ಯಮಾಡಿ ನೀರಿಗಿಳಿದು ದಾಟಿಯೇಬಿಟ್ಟುವು. ಪ್ರತಿದಿನ ಬೆಳಗ್ಗೆ ತಿಂಡಿಯ ಮೇಲೆ ನೂರಾರು ಇರುವೆಗಳು ಕಾಣಿಸತೊಡಗಿದುವು. ದಿನವೂ ಕೊಂದರು, ಸಂಖ್ಯೆ ಕಡಮೆಯಾಗಲಿಲ್ಲ. ಆಮೇಲೆ ನೀರಿನ ಮಟ್ಟಕ್ಕಿಂತ ತುಸು ಮೇಲೆ ಮೇಜಿನ ಕಾಲುಗಳ ಸುತ್ತ ಟರ್ಪೆಂಟೈನ್ ಎಣ್ಣೆಯ ಬಳೆ ಬಳಿದರು. ಕೆಲವು ದಿನ ಶಾಂತಿ. ಮತ್ತೆ ಇರುವೆಗಳು ಬಂದುವು! ದಾರಿ ಯಾವುದೆಂದು ಯಾರಿಗೂ ತಿಳಿಯದು. ಒಂದು ದಿನ ಸೈಕ್ಸನು ಮೇಜಿನ ಬಳಿ ಹಾಯುತ್ತಿರುವಾಗ, ಗೋಡೆಯ ಮೇಲೆ ಮೇಜಿನಿಂದ ಸುಮಾರು ಒಂದು ಅಡಿ ಎತ್ತರದಲ್ಲಿದ್ದ ಇರುವೆಯೊಂದು ಕೆಳಗೆ ಉದುರಿ ಬಟ್ಟೆಯ ಮೇಲೆ ಬಿದ್ದುದನ್ನು ಕಂಡನು. ಅದರ ಹಿಂದೆ ಇನ್ನೊಂದು, ಮತ್ತೊಂದು. ನೀರಿನ ದಾರಿಯನ್ನೂ ಕಾಲಿನ ದಾರಿಯನ್ನೂ ಮುಚ್ಚಿದರೆ ಅವು ಗೋಡೆಯನ್ನೇರಿ ಗಾಳಿಯ ದಾರಿಯನ್ನು ಹಿಡಿದಿದ್ದುವು.

ಈ ಕಥೆಯನ್ನು ಇರುವೆಯ ಬುದ್ಧಿಗೆ ನಿದರ್ಶನವೆಂದು ಮುಂದಿನವರು ಎತ್ತಿ ಹೇಳಿದರು. ಅಡಿಗೆಯ ಮನೆಯ ದೃಷ್ಟಿಯಿಂದ ನೋಡುವವರಿಗೆ ಇದರಲ್ಲಿ ಬೇರೊಂದು ಪಾಠವಿದೆ. ಕಂದಕ ಅಗಲವಾಗಿರಬೇಕು; ಗೋಡೆ ದೂರವಿರಬೇಕು; ಧೂಳಿನ ಕೆನೆ ಕಟ್ಟಿ ಸೇತುವೆಯಾಗದಂತೆ ನೀರನ್ನು ಆಗಾಗ ಬದಲಿಸಬೇಕು. ಎಲ್ಲಕ್ಕೂ ಮಿಗಿಲಾಗಿ, ತಿಂಡಿಯನ್ನು ಮುಚ್ಚಿಡದೆ ಬಯಲಿಗಿಟ್ಟು ದಾರಿಗಳನ್ನು ಮಾತ್ರ ಒಂದೊಂದಾಗಿ ಮುಚ್ಚುತ್ತ ಹೋದರೆ, ಗೆಲ್ಲುವುದು ಇರುವೆಯೇ ಹೊರತು ಕರ್ನಲನಲ್ಲ.

ಸೈಕ್ಸನ ತರುವಾಯ, ನಮ್ಮ ನೆರೆಯ ತಲಶ್ಶೇರಿಯಲ್ಲಿ ವೈದ್ಯಾಧಿಕಾರಿಯಾಗಿದ್ದ ಟಿ. ಸಿ. ಜರ್ಡನ್ ಎಂಬವನು ೧೮೫೧ರಲ್ಲಿ ಮದರಾಸಿನ ಪತ್ರಿಕೆಯೊಂದರಲ್ಲಿ ದಕ್ಷಿಣ ಭಾರತದ ಇರುವೆಗಳ ಪಟ್ಟಿಯನ್ನು ಪ್ರಕಟಿಸಿದನು. ಹೀಗೆ ನಮ್ಮ ಗೋಡೆಯ ಮೇಲಿನ ಸಾಲಿಗೆ ಶಾಸ್ತ್ರದ ಹೆಸರುಗಳು ದೊರೆತುವು. ಆದರೆ ಆ ಸಾಲು ಏಕೆ ಸಾಲಾಗಿರುತ್ತದೆ ಎಂಬ ಪ್ರಶ್ನೆ ಇನ್ನೂ ಉಳಿದಿದ್ದಿತು.

೩

ಈ ಪ್ರಶ್ನೆಯನ್ನು ೧೮ನೆಯ ಶತಮಾನದಲ್ಲಿಯೇ ಜಿನೀವಾದ ಚಾರ್ಲ್ಸ್ ಬಾನೆ ಎಂಬ ಪ್ರಕೃತಿಶಾಸ್ತ್ರಜ್ಞನು ಕೈಗೆತ್ತಿಕೊಂಡಿದ್ದನು. ಅವನ ಪ್ರಯೋಗಕ್ಕೆ ಬೇಕಾದ ಉಪಕರಣ ಒಂದು ಬೆರಳು ಮಾತ್ರ. ಸಾಲಾಗಿ ಹೋಗುತ್ತಿರುವ ಇರುವೆಗಳ ದಾರಿಗೆ ಅಡ್ಡಲಾಗಿ ಬೆರಳಿನಿಂದ ಉಜ್ಜಿದನು. ಅಲ್ಲಿಗೆ ಬಂದ ಇರುವೆಗಳು ದಿಕ್ಕುಗೆಟ್ಟು ನಿಂತುವು, ಅತ್ತಿತ್ತ ತಡಕಾಡಿದುವು. ಕಣ್ಣಿಗೆ ಕಾಣದ ಏನೋ ಒಂದು ಅಲ್ಲಿ ಅಳಿಸಿಹೋಗಿದ್ದಿತು. ಅದು ವಾಸನೆಯ ಗೆರೆಯೆಂದು ಅವನು ತರ್ಕಿಸಿದನು.

ಆ ಗೆರೆಯ ಮೂಲವನ್ನು ತೋರಿಸಿಕೊಟ್ಟವನು ಅಮೆರಿಕದ ಎಡ್ವರ್ಡ್ ವಿಲ್ಸನ್. ೧೯೫೯ರಲ್ಲಿ ಪ್ರಕಟವಾದ ಅವನ ಸಂಶೋಧನೆಯು ಬೆಂಕಿಯಿರುವೆಯೆಂಬ ಜಾತಿಯ ಮೇಲೆ ನಡೆಯಿತು. ಇರುವೆಯ ಹೊಟ್ಟೆಯ ತುದಿಯಲ್ಲಿ, ಮುಳ್ಳಿನ ಬುಡಕ್ಕೆ ಸೇರಿದಂತೆ, ಕೂದಲೆಳೆಯಷ್ಟು ಸೂಕ್ಷ್ಮವಾದ ಒಂದು ಗ್ರಂಥಿಯಿದೆ. ಅದನ್ನು ಹೊರತೆಗೆದು ಅರೆದು, ಅದರ ರಸದಿಂದ ಗಾಜಿನ ಮೇಲೊಂದು ಗೆರೆಯೆಳೆದರೆ, ಇರುವೆಗಳು ಗೂಡಿನ ಬಾಯಿಂದ ಹೊರಹೊಮ್ಮಿ ಆ ಗೆರೆಯ ಮೇಲೆಯೇ ನಡೆದುವು. ಆಹಾರವನ್ನು ಕಂಡ ಇರುವೆಯು ಮನೆಗೆ ಮರಳುವಾಗ ಈ ರಸವನ್ನು ನೆಲಕ್ಕೆ ಸೋಕಿಸುತ್ತ ಹೋಗುತ್ತದೆ. ಅದನ್ನು ಹಿಡಿದು ಬಂದ ಹತ್ತು ಇರುವೆಗಳು ಗೆರೆಯನ್ನು ಇನ್ನಷ್ಟು ಗಾಢಮಾಡುತ್ತವೆ. ಆಹಾರ ಮುಗಿದಾಗ ಹೊಸ ರಸ ಬೀಳುವುದಿಲ್ಲ, ಹಳೆಯದು ಆರಿಹೋಗುತ್ತದೆ, ದಾರಿಯೂ ಇಲ್ಲವಾಗುತ್ತದೆ. ಇಂತಹ ಸಂದೇಶವಾಹಕ ದ್ರವ್ಯಗಳಿಗೆ 'ಫೆರೊಮೋನ್' ಎಂಬ ಹೆಸರು ಬಂದುದೂ ಅದೇ ೧೯೫೯ರಲ್ಲಿ.

ಇದನ್ನು ತಿಳಿದ ಬಳಿಕ ನಮ್ಮ ಅಜ್ಜಿಯರ ಮನೆಯ ನೆಲವನ್ನು ನೆನೆದರೆ ಒಂದು ಬೆಳಕು ಮೂಡುತ್ತದೆ. ಪ್ರತಿದಿನ ಒಲೆಗೆ ಬೆಂಕಿ ಹಾಕುವ ಮುನ್ನ ಅಡಿಗೆಯ ಮನೆಯನ್ನು ಗುಡಿಸಿ, ಸಗಣಿಯ ನೀರಿನಿಂದ ಸಾರಿಸುತ್ತಿದ್ದರು. ಅದನ್ನು ಮಡಿಯೆಂದರು, ಶುಚಿಯೆಂದರು. ನಿನ್ನೆಯ ಇರುವೆ ಬರೆದಿಟ್ಟ ದಾರಿಯೂ ಅದರೊಡನೆಯೇ ಅಳಿಸಿಹೋಗುತ್ತಿತ್ತು. ಅವರಿಗೆ ಗ್ರಂಥಿಯ ಹೆಸರು ತಿಳಿಯದು. ಆದರೆ ಒರಸಿದ ನೆಲಕ್ಕೆ ಇರುವೆ ಕಡಮೆಯೆಂಬುದು ತಿಳಿದಿದ್ದಿತು.

೪

ಇನ್ನು ಈ ಚರಿತ್ರೆಯ ಕತ್ತಲೆಯ ಪುಟಕ್ಕೆ ಬರೋಣ. ಸ್ವಿಟ್ಜರ್ಲೆಂಡಿನ ಪೌಲ್ ಮುಲ್ಲರ್ ೧೯೩೯ರಲ್ಲಿ ಡಿ.ಡಿ.ಟಿ.ಯ ಕೀಟನಾಶಕ ಗುಣವನ್ನು ಕಂಡುಹಿಡಿದನು. ಅದಕ್ಕಾಗಿ ೧೯೪೮ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಈ ಪುಡಿಯ ಉಪಕಾರವನ್ನು ಮರೆಯುವುದು ಕೃತಘ್ನತೆಯಾದೀತು. ಮಲೇರಿಯಾ ಜ್ವರಕ್ಕೆ ಹೆದರಿ ಜನ ನೆಲೆಸಲಂಜುತ್ತಿದ್ದ ವಯನಾಡಿನಂತಹ ಸೀಮೆಗಳನ್ನು ನಾವು ಬಲ್ಲೆವು. ೧೯೫೩ರಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಯೋಜನೆಯಲ್ಲಿ ಮನೆಮನೆಯ ಗೋಡೆಗಳಿಗೂ ಡಿ.ಡಿ.ಟಿ. ಸಿಂಪಡಿಸಲಾಯಿತು. ಸ್ವಾತಂತ್ರ್ಯದ ಕಾಲಕ್ಕೆ ವರ್ಷಕ್ಕೆ ಸುಮಾರು ೭.೫ ಕೋಟಿ ಜನರನ್ನು ಕಾಡುತ್ತಿದ್ದ ಆ ಜ್ವರವು ೧೯೬೫ರ ಸುಮಾರಿಗೆ ೧ ಲಕ್ಷದ ಮಟ್ಟಕ್ಕೆ ಇಳಿಯಿತು.

ಆದರೆ ಸೊಳ್ಳೆಗಾಗಿ ಬಂದ ಪುಡಿ ಇರುವೆಗೂ ಬಂದಿತು. ಡಿ.ಡಿ.ಟಿ.ಯ ಹಿಂದೆಯೇ ಬಿ.ಎಚ್.ಸಿ. ಎಂಬ ಇನ್ನೊಂದು ಪುಡಿ 'ಗ್ಯಾಮಾಕ್ಸೀನ್' ಎಂಬ ಹೆಸರಿನಿಂದ ಅಂಗಡಿಗಳಲ್ಲಿ ದೊರೆಯತೊಡಗಿತು. ಈ ಲೇಖಕನ ಬಾಲ್ಯದಲ್ಲಿ ಅದು ನಮ್ಮ ಮನೆಯಲ್ಲಿಯೂ ಇದ್ದಿತು. ಹಾಲಿನ ಪುಡಿಯ ಖಾಲಿ ಡಬ್ಬವೊಂದರಲ್ಲಿ ತುಂಬಿ, ಅಡಿಗೆಯ ಮನೆಯ ಗೂಡಿನಲ್ಲಿ, ಉಪ್ಪಿನ ಭರಣಿಯ ಪಕ್ಕದಲ್ಲಿಯೇ ಇಟ್ಟಿದ್ದರು. ಒಂದು ದಿನ ಬೆಳಗ್ಗೆ ನನ್ನ ತಂಗಿ ಅದನ್ನು ರಂಗವಲ್ಲಿಯ ಹಿಟ್ಟೆಂದು ತಿಳಿದು ಹೊಸ್ತಿಲ ಮುಂದೆ ಕುಳಿತು ಬೆರಳ ಸಂದಿಯಿಂದ ಗೆರೆಯೆಳೆಯುತ್ತಿದ್ದಳು. ಅದರ ಮುಗ್ಗಲು ವಾಸನೆ ಅಜ್ಜಿಯ ಮೂಗಿಗೆ ತಟ್ಟಿತು. ಅವರು ಓಡಿಬಂದು ಅವಳ ಕೈಯನ್ನು ಹಿಡಿದೆತ್ತಿ ಬಾವಿಕಟ್ಟೆಗೆ ಎಳೆದೊಯ್ದು, ಮೂರು ಸಲ ಸಾಬೂನು ಹಾಕಿ ತೊಳೆದರು. "ಇರುವೆಗೆ ಪಾಲು ಇಡುವ ಜಾಗದಲ್ಲಿ ವಿಷ ಇಟ್ಟೆವಲ್ಲ!" ಎಂದು ಅವರು ಅಂದುದು ಇಂದಿಗೂ ನನ್ನ ಕಿವಿಯಲ್ಲಿದೆ. ಆ ಡಬ್ಬ ಮತ್ತೆ ಮನೆಯೊಳಗೆ ಬರಲಿಲ್ಲ.

ನಮಗೆ ಅದೃಷ್ಟವಿದ್ದಿತು, ಎಲ್ಲರಿಗೂ ಇರಲಿಲ್ಲ. ೧೯೫೮ರಲ್ಲಿ ಇದೇ ಕೇರಳದಲ್ಲಿ ಗೋಧಿಯ ಹಿಟ್ಟನ್ನು ತಿಂದ ನೂರಕ್ಕೂ ಹೆಚ್ಚು ಜನರು ಮೃತರಾದರು. ಆ ಹಿಟ್ಟಿಗೆ ಪ್ಯಾರಥಿಯಾನ್ ಎಂಬ ಬೆಳೆಯ ಕೀಟನಾಶಕ ಸೇರಿದ್ದಿತು. ಹಡಗಿನಲ್ಲಿ ಆಹಾರದ ಮೂಟೆಗಳೂ ವಿಷದ ಡಬ್ಬಗಳೂ ಒಟ್ಟಿಗೆ ಸಾಗಿಬಂದಿದ್ದುವು, ಡಬ್ಬ ಸೋರಿತು, ಮೂಟೆ ಹೀರಿತು. ಯಾರೂ ಯಾರನ್ನೂ ಕೊಲ್ಲಬೇಕೆಂದು ಬಗೆದವರಲ್ಲ. ಅನ್ನವೂ ವಿಷವೂ ಒಂದೇ ನೆರಳಿನಲ್ಲಿದ್ದುವು, ಅಷ್ಟೇ. ಈ ದುರಂತದ ವಿಚಾರಣೆಯ ಫಲವಾಗಿಯೇ ೧೯೬೮ರಲ್ಲಿ ಕೀಟನಾಶಕಗಳ ಕಾಯಿದೆ ಹುಟ್ಟಿತು. ವಿಷದ ಡಬ್ಬದ ಮೇಲೆ ಇಂದು ನಾವು ಕಾಣುವ ಎಚ್ಚರಿಕೆಯ ಗುರುತುಗಳ ಹಿಂದೆ ಆ ಸತ್ತವರಿದ್ದಾರೆ.

ಅದೇ ಕಾಲದಲ್ಲಿ ಅಮೆರಿಕದಲ್ಲಿ ಇರುವೆಯ ವಿರುದ್ಧವೇ ಒಂದು ದಂಡಯಾತ್ರೆ ನಡೆಯುತ್ತಿತ್ತು. ವಿಲ್ಸನನು ಯಾವ ಬೆಂಕಿಯಿರುವೆಯ ದಾರಿಯನ್ನು ಓದುತ್ತಿದ್ದನೋ ಅದೇ ಇರುವೆಯನ್ನು ನಿರ್ಮೂಲ ಮಾಡಲೆಂದು ಅಲ್ಲಿನ ಸರಕಾರವು ೧೯೫೭ರಲ್ಲಿ ೨ ಕೋಟಿ ಎಕರೆಗಳ ಮೇಲೆ ವಿಷ ಹರಡುವ ಯೋಜನೆಯನ್ನು ಹೂಡಿತು. ಹಕ್ಕಿಗಳು ಸತ್ತುವು, ದನಕರುಗಳು ಸತ್ತುವು, ಇರುವೆ ಉಳಿಯಿತು. ರೇಚಲ್ ಕಾರ್ಸನ್ ಎಂಬ ವಿದುಷಿ ೧೯೬೨ರಲ್ಲಿ ಪ್ರಕಟಿಸಿದ 'ಸೈಲೆಂಟ್ ಸ್ಪ್ರಿಂಗ್' ಎಂಬ ಗ್ರಂಥದಲ್ಲಿ ಇದನ್ನು ವಿವರವಾಗಿ ಬರೆದು ಲೋಕದ ಕಣ್ಣು ತೆರೆಯಿಸಿದಳು.

ನಮ್ಮ ಕಣ್ಣು ತೆರೆಯಲು ಇನ್ನೂ ಕಾಲ ಹಿಡಿಯಿತು. ಬೇಸಾಯದಲ್ಲಿ ಡಿ.ಡಿ.ಟಿ.ಯ ಬಳಕೆ ೧೯೮೯ರಲ್ಲಿ ನಿಂತಿತು, ಬಿ.ಎಚ್.ಸಿ. ೧೯೯೭ರಲ್ಲಿ ನಿಷಿದ್ಧವಾಯಿತು. ಅಷ್ಟರಲ್ಲಿ ನಮ್ಮ ಕಾಸರಗೋಡಿನ ಗೇರುತೋಟಗಳ ಮೇಲೆ, ಸುಮಾರು ೨೦ ವರ್ಷಗಳ ಕಾಲ, ೨೦೦೦ದವರೆಗೂ, ಎಂಡೋಸಲ್ಫಾನ್ ಆಕಾಶದಿಂದ ಸುರಿಯುತ್ತಿತ್ತು. ಎಣ್ಮಕಜೆಯ ಕಡೆಯ ಮನೆಗಳ ಸಂಕಟವನ್ನು ಈ ಪತ್ರಿಕೆಯ ವಾಚಕರಿಗೆ ನಾನು ವರ್ಣಿಸಬೇಕಾಗಿಲ್ಲ. ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ದೇಶದಲ್ಲೆಲ್ಲ ತಡೆಹಿಡಿಯಿತು. ಗೇರಿನ ಚಿಗುರನ್ನು ಹೀರುವ ತಿಗಣೆಯಂತಹ ಹುಳುವಿಗಾಗಿ ಆ ವಿಷವನ್ನು ಸುರಿದರು. ಎಲೆಗಳನ್ನು ಹೆಣೆದು ಮರದಲ್ಲಿ ಗೂಡುಕಟ್ಟುವ ಚಗಳಿ ಇರುವೆಯು ಅಂತಹ ಹುಳುಗಳನ್ನು ಹಿಡಿದು ತಿನ್ನುತ್ತದೆ. ಆಸ್ಟ್ರೇಲಿಯದ ಗೇರುತೋಟಗಳಲ್ಲಿ ಅದನ್ನೇ ಕಾವಲಿಗಿಟ್ಟು ಫಲ ಕಂಡಿದ್ದಾರೆ. ಶತ್ರುವೆಂದು ನಾವು ಎಣಿಸಿದ ಕುಲದಲ್ಲಿಯೇ ತೋಟದ ಕಾವಲುಗಾರನೂ ಇದ್ದನು.

೫

ಹಾಗಾದರೆ ಇಂದಿನ ಗೃಹಿಣಿ ಏನು ಮಾಡಬೇಕು? ಹಳೆಯದೆಲ್ಲ ಚಿನ್ನವೆಂದು ಹೇಳುವುದು ಇತಿಹಾಸದ ಕೆಲಸವಲ್ಲ. ಅರಿಶಿನವೂ ಬೂದಿಯೂ ಇರುವೆಯನ್ನು ಸ್ವಲ್ಪ ಹೊತ್ತು ತಡೆಯುತ್ತವೆ, ಒದ್ದೆಯಾದರೆ ತಡೆಯವು. ನಿಂಬೆಯ ರಸ, ಲವಂಗದ ವಾಸನೆ ಆರುವವರೆಗೆ ಮಾತ್ರ ಕೆಲಸ ಮಾಡುತ್ತವೆ. ಇವು ಬೇಲಿಗಳು, ಬೇಲಿಯನ್ನು ದಿನವೂ ನೋಡಿಕೊಳ್ಳಬೇಕು. ನಿಜವಾದ ಉಪಾಯಗಳು ಮೂರು. ಮೊದಲನೆಯದು, ಸಿಹಿಯನ್ನೂ ಜಿಡ್ಡನ್ನೂ ಬಿಗಿಯಾದ ಮುಚ್ಚಳದೊಳಗೆ ಇಡುವುದು. ರಾತ್ರಿ ಎಂಜಲು ಪಾತ್ರೆಯನ್ನು ಉಳಿಸದಿರುವುದು. ಎರಡನೆಯದು, ಸಾಲು ಕಂಡೊಡನೆ ಅದು ಹೊರಡುವ ಬಿರುಕಿನವರೆಗೂ ಹಿಂಬಾಲಿಸಿ, ಸಾಬೂನಿನ ನೀರಿನಿಂದ ದಾರಿಯನ್ನು ಪೂರ್ತಿಯಾಗಿ ಒರಸಿಬಿಡುವುದು. ಮೂರನೆಯದು, ಆ ಬಿರುಕನ್ನು ಸುಣ್ಣ ಸಿಮೆಂಟುಗಳಿಂದ ಮುಚ್ಚುವುದು.

ಇಷ್ಟರಿಂದಲೂ ನಿಲ್ಲದಿದ್ದರೆ ಬೋರಿಕ್ ಆಮ್ಲದ ಉಪಾಯವೊಂದಿದೆ. ಸಕ್ಕರೆಯ ನೀರಿನಲ್ಲಿ ನೂರಕ್ಕೆ ಒಂದು ಪಾಲಿನಷ್ಟನ್ನು ಮಾತ್ರ ಕರಗಿಸಿ ಹತ್ತಿಯಲ್ಲಿ ನೆನೆಸಿಟ್ಟರೆ, ಇರುವೆಗಳು ಅದನ್ನು ಕುಡಿದು ಗೂಡಿಗೆ ಒಯ್ದು ರಾಣಿಗೂ ಮರಿಗಳಿಗೂ ಉಣಿಸುತ್ತವೆ. ಹೆಚ್ಚು ಬೆರಸಿದರೆ ಇರುವೆ ಮುಟ್ಟದು, ಇಲ್ಲವೆ ಗೂಡು ಸೇರುವ ಮುನ್ನವೇ ಸಾಯುತ್ತದೆ. ಆದರೆ ಇದೂ ವಿಷವೇ. ಮಕ್ಕಳ ಕೈಗೂ ಅಡಿಗೆಯ ಪಾತ್ರೆಗೂ ದೂರವಿರಬೇಕು. ಸಿಂಪಡಿಸುವ ವಿಷಕ್ಕೆ ಅವಸರಪಡಬಾರದೆಂಬುದಕ್ಕೂ ಕಾರಣವಿದೆ. ಲಿನೇಯಸನು ೧೭೫೮ರಲ್ಲಿ ಈಜಿಪ್ಟಿನ ಫರೋಹರ ಹೆಸರನ್ನಿಟ್ಟ ಹಳದಿ ಬಣ್ಣದ ಸಣ್ಣ ಇರುವೆಯ ಗೂಡಿನಲ್ಲಿ ರಾಣಿಗಳು ಅನೇಕ. ವಿಷ ಸಿಂಪಡಿಸಿ ಕೆಣಕಿದರೆ ಆ ಗೂಡು ಒಡೆದು ಹಲವು ಗೂಡುಗಳಾಗಿ ಮನೆಯೆಲ್ಲ ಹಬ್ಬುತ್ತದೆ.

ಕಡೆಯದಾಗಿ ಉಪಾಧ್ಯಾಯ ಬಂಧುಗಳಿಗೆ ಒಂದು ಮಾತು. ಇಂದು ಪೇಟೆಯಲ್ಲಿ ಇರುವೆಯನ್ನು ಕೊಲ್ಲುವ ಸೀಮೆಸುಣ್ಣ ದೊರೆಯುತ್ತದೆ. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಮುಂತಾದ ಕೀಟನಾಶಕಗಳನ್ನು ಬೆರಸಿ ಮಾಡಿದ ಆ ಕಡ್ಡಿಯು ನೋಡಲು ನಮ್ಮ ಕರಿಹಲಗೆಯ ಸೀಮೆಸುಣ್ಣದಂತೆಯೇ ಇರುತ್ತದೆ. ಮನೆಯಲ್ಲಿ ಅದನ್ನು ಕಂಡ ಮಗು ಅದರಿಂದ ಅಕ್ಷರ ಬರೆಯಲು ಹೊರಟರೆ ತಪ್ಪು ಮಗುವಿನದಲ್ಲ. ನನ್ನ ತಂಗಿ ಬೆಳಗಿನ ಹೊಸ್ತಿಲಲ್ಲಿ ಮಾಡಿದುದೂ ಅದನ್ನೇ. ತರಗತಿಯಲ್ಲಿ ಒಂದು ದಿನ ಈ ವ್ಯತ್ಯಾಸವನ್ನು ಹೇಳಿಕೊಡಿ. ಅದರೊಡನೆ ಬಾನೆಯ ಪ್ರಯೋಗವನ್ನೂ ಮಾಡಿಸಿ. ಶಾಲೆಯ ಅಂಗಳದಲ್ಲಿ ಇರುವೆಯ ಸಾಲಿಗೆ ಕೊರತೆಯಿಲ್ಲ. ಕಚ್ಚುವ ಕೆಂಪಿರುವೆಯನ್ನು ಬಿಟ್ಟು, ಸಣ್ಣ ಕರಿಯಿರುವೆಯ ಸಾಲಿಗೆ ಅಡ್ಡಲಾಗಿ ಮಕ್ಕಳು ಬೆರಳಿನಿಂದ ಒಮ್ಮೆ ಉಜ್ಜಲಿ. ಇರುವೆ ನಿಲ್ಲುವುದನ್ನೂ, ತಡಕಾಡುವುದನ್ನೂ, ಎಷ್ಟು ನಿಮಿಷಗಳಲ್ಲಿ ಮತ್ತೆ ದಾರಿಯನ್ನು ಕೂಡಿಸಿಕೊಳ್ಳುತ್ತದೆ ಎಂಬುದನ್ನೂ ಬರೆದಿಡಲಿ. ಅದನ್ನು ಕೊಲ್ಲದೆಯೇ ತಿರುಗಿಸಿ ಕಳುಹಿಸಬಹುದೆಂಬುದನ್ನು ಅವರು ತಮ್ಮ ಕಣ್ಣಿನಿಂದಲೇ ನೋಡಲಿ. ಪಾಠ ಮುಗಿದ ಮೇಲೆ ಕೈ ತೊಳೆದುಕೊಂಡು ಊಟಕ್ಕೆ ಹೋಗುವುದನ್ನು ಮಾತ್ರ ಮರೆಯದಿರಲಿ.